ಮೇಷ್ಟ್ರು ಬೈಯಲು ಬಾರದ ಭಾನುವಾರ

ನಾನು ಲಿಫ್ಟ್ ರಿಪೇರಿ ಕೆಲಸದಿಂದ ನಿವೃತ್ತನಾದವನು, ವಯಸ್ಸು ಅರವತ್ತೊಂದು, ಅವಿವಾಹಿತ, ವಾಸ ಅಡ್ಡರಸ್ತೆಯ ಕೊನೆಯ ಮನೆ, ಒಬ್ಬನೇ. ಠಾಣೆಗೆ ಕರೆಸಿ ವಿಚಾರಿಸಿದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ, ಪಕ್ಕದ ಮನೆಯ ಹಿಂಬಾಗಿಲ ಗಾಜು ಒಡೆದವನು ನಾನೇ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಯಾಕೆ ಒಡೆದೆ ಎಂಬುದನ್ನು ಮೊದಲಿನಿಂದ ಹೇಳಬೇಕಾಗುತ್ತದೆ, ಬರೆದುಕೊಳ್ಳುವವರು ದಯವಿಟ್ಟು ಅವಸರ ಮಾಡಬಾರದು.

ಪಕ್ಕದ ಮನೆಯವರು ನಿವೃತ್ತ ಡ್ರಿಲ್ ಮೇಷ್ಟ್ರು. ಅವರೂ ಒಬ್ಬರೇ. ಶಾಲೆಯ ಮೈದಾನದ ಹುಲ್ಲನ್ನು ವರ್ಷಗಟ್ಟಲೆ ನೋಡಿಕೊಂಡವರು. ನಮ್ಮಿಬ್ಬರ ಮನೆ ಮುಂದಿನ ಹುಲ್ಲುಹಾಸುಗಳ ನಡುವೆ ಸೊಂಟದೆತ್ತರದ ಬೇಲಿ ಇದೆ. ನಾನು ಈ ಮನೆಗೆ ಬಂದು ಎರಡು ವರ್ಷವಾಯಿತು. ಬಂದ ವರ್ಷ ಚಳಿ ಕಳೆದು ಹುಲ್ಲು ಚಿಗುರಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕತ್ತರಿಸುವ ಯಂತ್ರ ಹೊರತೆಗೆದೆ. ಹತ್ತು ನಿಮಿಷವೂ ಆಗಿರಲಿಲ್ಲ, ಮೇಷ್ಟ್ರು ಬೇಲಿಯ ಹತ್ತಿರ ಬಂದು, "ರೀ, ಹುಲ್ಲು ಕತ್ತರಿಸ್ತಿದ್ದೀರೋ, ತಲೆ ಬೋಳಿಸ್ತಿದ್ದೀರೋ?" ಎಂದು ಕೇಳಿದರು. ವಸಂತದಲ್ಲಿ ಮೊದಲ ಸಲ ಬ್ಲೇಡನ್ನು ಮೇಲೆತ್ತಿ ತುದಿಯಷ್ಟೇ ಸವರಬೇಕು, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು, ಇಬ್ಬನಿ ಆರುವ ತನಕ ಯಂತ್ರ ಮುಟ್ಟಲೇಬಾರದು, ವಾರ ವಾರ ದಿಕ್ಕು ಬದಲಿಸಬೇಕು ಎಂದೆಲ್ಲ ಬೈಗುಳದ ನಡುವೆ ತಿಳಿಸಿದರು. ನಲವತ್ತು ನಿಮಿಷ ಬೈದರು. ಆ ವಾರದಲ್ಲಿ ಅದಕ್ಕೆ ಮೊದಲು ನನ್ನ ಜೊತೆ ಮಾತನಾಡಿದವನು ಹಾಲಿನವನು ಒಬ್ಬನೇ, ಅವನೂ ಚಿಲ್ಲರೆ ಇದೆಯಾ ಎಂದು ಕೇಳಿದ್ದಷ್ಟೇ.

ಮುಂದಿನ ಭಾನುವಾರ ಅವರು ಹೇಳಿದಂತೆ ಚಾಚೂ ತಪ್ಪದೆ ಕತ್ತರಿಸಿದೆ. ಮೇಷ್ಟ್ರು ಕಿಟಕಿಯಿಂದ ನೋಡಿ ಒಳಗೆ ಹೋದರು. ಆ ದಿನ ಯಾರೂ ಮಾತಾಡಲಿಲ್ಲ. ಅದರ ಮುಂದಿನ ವಾರ ಬೇಕೆಂದೇ ಬ್ಲೇಡ್ ಇಳಿಸಿದೆ. "ಏಯ್ ಲಿಫ್ಟು! ಹೇಳಿದ್ದು ಕಿವಿಗೆ ಬೀಳಲ್ವೇನಯ್ಯಾ ನಿಂಗೆ?" ಎನ್ನುತ್ತಾ ಬಂದರು. ಅಂದಿನಿಂದ ನಾನು ಪ್ರತಿ ಭಾನುವಾರ ಏನಾದರೊಂದು ತಪ್ಪು ಮಾಡುತ್ತಾ ಬಂದಿದ್ದೇನೆ. ಒಂದೇ ತಪ್ಪಾದರೆ ಅವರಿಗೆ ಬೇಸರವಾದೀತೆಂದು ಬದಲಾಯಿಸಿ ಬದಲಾಯಿಸಿ ಮಾಡುತ್ತಿದ್ದೆ. ಬರೆದುಕೊಳ್ಳುತ್ತಿರುವ ಪೇದೆಯವರು ಇಲ್ಲಿ ನಕ್ಕರು. ನಗಲಿ.

ಕಳೆದ ಭಾನುವಾರ ಬೆಳಿಗ್ಗೆ ಏಳೂವರೆಗೆ, ಇಬ್ಬನಿ ಆರುವ ಮುಂಚೆಯೇ, ಯಂತ್ರ ಶುರು ಮಾಡಿದೆ. ಈ ವರ್ಷದ ಮೊದಲ ಸಲ ಅದು. ಚಳಿಗಾಲವಿಡೀ ಹುಲ್ಲು ಬೆಳೆಯದ ಕಾರಣ ಮೂರು ತಿಂಗಳಿಂದ ಮೇಷ್ಟ್ರು ಬೇಲಿಯ ಬಳಿ ಬಂದಿರಲಿಲ್ಲ. ಆ ದಿನಕ್ಕಾಗಿ ನಾನು ಕಾದು ಕೂತಿದ್ದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಒದ್ದೆ ಹುಲ್ಲು ಚಕ್ರಕ್ಕೆ ಮೆತ್ತಿಕೊಂಡಿತು. ಮೇಷ್ಟ್ರು ಬರಲಿಲ್ಲ. ಬ್ಲೇಡ್ ಇಳಿಸಿದೆ. ಬರಲಿಲ್ಲ. ಬೇಲಿಯ ಪಕ್ಕಕ್ಕೇ ಹೋಗಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಓಡಿಸಿದೆ. ಮುನಿಸಿಕೊಳ್ಳಲು ಈ ಮನುಷ್ಯನಿಗೆ ಇದೇ ದಿನ ಬೇಕಿತ್ತೇ ಎಂದು ಮೊದಲು ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಬ್ಲೇಡನ್ನು ಪೂರ್ತಿ ಕೆಳಗಿಳಿಸಿದೆ. ಅದು ಮಣ್ಣಿಗೆ ತಗುಲಿ ಕಲ್ಲು ಚಿಮ್ಮಿತು, ಅರ್ಧ ಹುಲ್ಲುಹಾಸು ಬೋಳಾಯಿತು. ಇಷ್ಟಾದರೂ ಅವರು ಸುಮ್ಮನಿರುವುದೆಂದರೆ ಆಗದ ಮಾತು. ಏನೋ ಆಗಿದೆ ಎಂದು ಆಗ ಹೊಳೆಯಿತು. ಸಮಯ ಎಂಟು ನಲವತ್ತು.

ಯಂತ್ರ ನಿಲ್ಲಿಸಿ, ಮೇಷ್ಟ್ರೇ ಎಂದು ಕೂಗಿದೆ. ನಾನಾಗಿ ಅವರನ್ನು ಕರೆದದ್ದು ಅದೇ ಮೊದಲು. ಉತ್ತರ ಬರಲಿಲ್ಲ. ಬೇಲಿ ದಾಟಿ, ಬ್ಲೇಡ್ ಇಳಿಸಲು ತಂದಿದ್ದ ಸ್ಪ್ಯಾನರಿನಿಂದ ಹಿಂಬಾಗಿಲ ಗಾಜು ಒಡೆದು, ಕೈ ತೂರಿಸಿ ಚಿಲಕ ತೆಗೆದೆ. ಮೇಷ್ಟ್ರು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಬಾಯಿ ಒಂದು ಕಡೆಗೆ ವಾಲಿತ್ತು, ಬಲಗೈ ಮಿಸುಕುತ್ತಿರಲಿಲ್ಲ, ಕಣ್ಣು ತೆರೆದೇ ಇತ್ತು. ಏನೋ ಹೇಳಲು ಒದ್ದಾಡುತ್ತಿದ್ದರು. ಬಾಯಿಯ ಹತ್ತಿರ ಕಿವಿ ಹಿಡಿದಾಗ, "ಒದ್ದೆ... ಒದ್ದೆ ಹುಲ್ಲು ಕಣೋ" ಎಂಬುದು ಕೇಳಿಸಿತು. ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವ ತನಕ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಾ ಕೂತಿದ್ದೆ.

ಜೀವಕ್ಕೆ ಅಪಾಯವಿಲ್ಲವೆಂದೂ, ಇನ್ನೊಂದು ಗಂಟೆ ಮುಂಚೆ ತಂದಿದ್ದರೆ ಕೈಯೂ ಮಾತೂ ಉಳಿಯುತ್ತಿತ್ತೇನೋ ಎಂದೂ ವೈದ್ಯರು ತಿಳಿಸಿದರು. ಆ ಒಂದು ಗಂಟೆ ಅವರು ನೆಲದ ಮೇಲೆ ಬಿದ್ದುಕೊಂಡು ನನ್ನ ಯಂತ್ರದ ಸದ್ದು ಕೇಳುತ್ತಿದ್ದರು. ನಾನು ಅವರು ಬಂದು ಬೈಯಲಿ ಎಂದು ಕಾಯುತ್ತಿದ್ದೆ. ಇದಕ್ಕೆ ಯಾವುದಾದರೂ ಕಲಂ ಇದ್ದರೆ ಧಾರಾಳವಾಗಿ ಹಾಕಬಹುದು.

ಅಂದು ಸಂಜೆ ಬಂದ ಮೇಷ್ಟ್ರ ಅಕ್ಕನ ಮಗ, ಸಂಬಂಧಿಕರಲ್ಲದವರು ಒಳಗೆ ಬರಕೂಡದೆಂದು ನನ್ನನ್ನು ವಾರ್ಡಿನ ಬಾಗಿಲಲ್ಲೇ ತಡೆದರು. ಮರುದಿನ ದೂರು ಕೊಟ್ಟರು. ಆ ದೂರನ್ನು ಇನ್ಸ್‌ಪೆಕ್ಟರ್ ಸಾಹೇಬರು ಈಗ ನನಗೆ ಓದಿ ಹೇಳಿದ್ದಾರೆ. ನನಗೆ ಮೇಷ್ಟ್ರ ಮೇಲೆ ಹಳೆಯ ದ್ವೇಷವಿತ್ತೆಂದೂ, "ಪಕ್ಕದ್ಮನೆ ಲಿಫ್ಟು ಬೇಕೂಂತ್ಲೇ ಹುಲ್ಲು ಹಾಳು ಮಾಡ್ತಾನೆ, ನಂಗೇನು ಗೊತ್ತಾಗಲ್ವಾ" ಎಂದು ಸೋದರಮಾವ ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದರೆಂದೂ ಅದರಲ್ಲಿದೆ. ಇದನ್ನು ಓದಿದ ಮೇಲೆ ಪೇದೆಯವರು ನನಗೆ ನೀರು ಕೊಟ್ಟರು. ಮೇಷ್ಟ್ರಿಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ವರ್ಷ ಚಪ್ಪಲಿ ಮೆಟ್ಟಿಕೊಂಡು ಬೇಲಿಯ ತನಕ ಬಂದು, ಬಾಯಿ ತುಂಬ ಬೈದು ಹೋಗುತ್ತಿದ್ದರು.

ದ್ವೇಷವಿತ್ತೇ ಎಂಬ ಪ್ರಶ್ನೆಗೆ, ಇರಲಿಲ್ಲ. ಗಾಜನ್ನು ನಾನೇ ಹಾಕಿಸಿಕೊಡುತ್ತೇನೆ. ಒಂದು ಸಲ ನನ್ನನ್ನು ವಾರ್ಡಿನೊಳಗೆ ಬಿಡುವಂತೆ ಠಾಣೆಯವರು ಆ ಅಕ್ಕನ ಮಗನಿಗೆ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಮೇಷ್ಟ್ರಿಗೆ ಮಾತಾಡಲು ಆಗದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತು ಬರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ. ಈ ಊರಿನಲ್ಲಿ ನನ್ನನ್ನು ಬಲ್ಲವರೊಬ್ಬರು ಗುರುತಿಸಿ ಕೆಳಗೆ ಸಹಿ ಹಾಕಬೇಕಂತೆ. ಹಾಗೆ ಬಲ್ಲವರು ಒಬ್ಬರೇ ಇದ್ದಾರೆ, ಅವರ ಬಲಗೈ ಏಳುತ್ತಿಲ್ಲ. ಆದ್ದರಿಂದ ಆ ಜಾಗವನ್ನು ಖಾಲಿ ಬಿಡಲಾಗಿದೆ.

ಸ್ಥಳ: ಠಾಣೆಯ ಹೊರಕೋಣೆ
ದಿನಾಂಕ: ಮಾರ್ಚ್ 18, ಬುಧವಾರ

ಹೇಳಿಕೆ ಕೊಟ್ಟವರ ಸಹಿ: (ಇದೆ)
ಗುರುತಿಸಿದವರ ಸಹಿ: