ಕೂತವಳ ಕಣ್ಣಿನ ಎತ್ತರ

ಮಗ್ಗದ ಸದ್ದಿಗೇ ಬೆಳಗಾಗುವ ಒಂದೂರು. ಅಲ್ಲೊಬ್ಬ ಶ್ರೀಮಂತ. ಅವನಿಗೆ ಹತ್ತು ಕುಣಿಮಗ್ಗ. ಕುಣಿಮಗ್ಗ ಗೊತ್ತಲ್ಲ? ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು, ನೆಲಕ್ಕೇ ಕೂತು ನೇಯುವುದು.

ನೋಡಿ, ಕಿಟಕಿಯೇ ಇಲ್ಲದ ಆ ಮಗ್ಗದ ಮನೆಯ ನಾಲ್ಕು ಗೋಡೆಗಳಿಗೆ ಬೇಸತ್ತು ನೇಯುವವರು ಒಬ್ಬೊಬ್ಬರೇ ಕೆಲಸ ಬಿಟ್ಟು ಹೋದರು. ಶ್ರೀಮಂತ ಕೂಲಿ ಹೆಚ್ಚಿಸಿದ. ಹಬ್ಬಕ್ಕೆ ಸೀರೆ ಕೊಟ್ಟ. ಸೀರೆ ನೇಯುವವರಿಗೇ ಸೀರೆ! ಕೊನೆಗೆ ಉಳಿದವಳು ಒಬ್ಬಳು.

ಅವಳ ಕೂಸು ಹೊರಗೆ, ಬೇವಿನ ನೆರಳಲ್ಲಿ, ಅಜ್ಜಿಯ ಬಳಿ ಆಡುತ್ತಿತ್ತು. ನಡುವೆ ಒಂದೇ ಗೋಡೆ. ನಗು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಕೂಸು ಮೊದಲ ಹೆಜ್ಜೆ ಇಟ್ಟದ್ದೂ ಅವಳಿಗೆ ತಿಳಿದದ್ದು ಗೋಡೆಯಾಚೆಯ ಚಪ್ಪಾಳೆಯಿಂದ.

“ಧಣ್ಯಾರ, ಕೂಸು ಕಾಣೂ ಹಂಗ ಒಂದು ಕಿಡಕಿ ಇಡಸ್ರಿ.”

“ಇಡಸ್ತೀನಿ ತಂಗಿ. ಮಾತು ಕೊಟ್ಟೀನಿ.”

ಇಡಿಸಿದ. ಸಾಗವಾನಿ ಚೌಕಟ್ಟು, ಬಣ್ಣದ ಗಾಜು. ಊರೇ ಬಂದು ನೋಡಿತು. ಆದರೆ ಮರುವಾರ ಅವಳೂ ಬುತ್ತಿಗಂಟು ಹಿಡಿದು ಎದುರು ನಿಂತಳು. “ನಾಳಿಂದ ಬರೂದಿಲ್ರೀ.”

“ಅರಮನಿ ಕಿಡಕಿ ಇಡಿಸೀನಿ! ಇನ್ನ ತೊಟ್ಟಿಲಾನೂ ನಾನ ತೂಗ್ಲೇನು?”

ಅವಳು ನಕ್ಕಳು. “ಬ್ಯಾಡ್ರಿ. ಒಮ್ಮೆ ನನ್ನ ಮಗ್ಗಕ್ಕ ಕುಂತು ನೋಡ್ರಿ, ಸಾಕು.”

ಧೋತರ ಎತ್ತಿ ಕಟ್ಟಿ ಕೂತ. ಹತ್ತು ಮಗ್ಗದ ಒಡೆಯ ಮೊದಲ ಸಲ ಮಗ್ಗಕ್ಕೆ ಕೂತ! ಕಿಟಕಿ ಎಲ್ಲಿ? ಮೇಲೆ, ಎಲ್ಲೋ ಮೇಲೆ. ಅದರಲ್ಲಿ ಒಂದು ತುಂಡು ಆಕಾಶ, ಅಷ್ಟೇ. ನಿಂತು ನೋಡುವ ತನ್ನ ಕಣ್ಣಿನ ಎತ್ತರಕ್ಕೆ ಇಡಿಸಿದ್ದ ಪುಣ್ಯಾತ್ಮ. ಗೋಡೆಯಾಚೆ ಕೂಸು ಕಿಲಕಿಲ ನಕ್ಕಿತು. ಅವನಿಗೂ ಅದರ ಮುಖ ನೋಡಬೇಕು ಅನ್ನಿಸಿತು. ಬಹಳ ಅನ್ನಿಸಿತು.

“ನಾಳಿ ಒಂದಿನ ಬಾರವ್ವಾ,” ಅಂದ.

ನಮ್ಮಲ್ಲಿ ಆಳು ನಿಲ್ಲುವುದಿಲ್ಲ ಎನ್ನುವವರು ಇಲ್ಲಿ ಎಷ್ಟು ಜನ? ಅವರು ದಿನವಿಡೀ ನಿಲ್ಲುವಲ್ಲಿ ನೀವು ನಿಂತಿದ್ದೀರಾ? ಅವರು ಉಣ್ಣುವ ಮೂಲೆಯಲ್ಲಿ ಕೂತಿದ್ದೀರಾ? ನಾಳೆ ಬೆಳಿಗ್ಗೆ ಒಂದು ಗಳಿಗೆ ಕೂತು ನೋಡಿ. ಕೂತ ಮೇಲೆ ಅವರನ್ನು ಕೇಳಿ. ಕೇಳಿದ ಮೇಲೆ, ಒಡೆಯಬೇಕಾದ ಗೋಡೆ ಒಡೆಯಿರಿ.

ಶ್ರೀಮಂತ ಒಡೆಸಿದ. ಎಷ್ಟೆತ್ತರಕ್ಕೆ ಎಂದು ಗೋಡೆ ಕೆಲಸದ ಗೌಂಡಿ ಕೇಳಿದಾಗ, ಅವಳನ್ನು ಮಗ್ಗಕ್ಕೆ ಕೂರಿಸಿ, ಅವಳ ಕಣ್ಣಿನ ನೇರಕ್ಕೆ ತಾನೇ ಸುಣ್ಣದ ಗೆರೆ ಎಳೆದ. ಬಿಟ್ಟು ಹೋದವರು ಸುದ್ದಿ ಕೇಳಿ ತಿರುಗಿ ಬಂದದ್ದು ಆಮೇಲಿನ ಮಾತು. ಅಂದು ಸಂಜೆ ಕೊನೆಯ ಇಟ್ಟಿಗೆ ಹೊರಬಿತ್ತು. ಬೇವಿನ ಕೆಳಗೆ ಕೂಸು ಎರಡು ಹೆಜ್ಜೆ ನಡೆದು ದೊಪ್ಪನೆ ಕೂತಿತು.

ಅವಳು ಕೂತಲ್ಲಿಂದಲೇ ನೋಡಿದಳು.