ಬರಿಗೈಲಿ ಕಳಿಸಬಾರದು

ಲೈಟ್ ಹಾಕಬೇಡಿ, ಹೀಗೇ ಇರ್ಲಿ. ದನಿ ಮಾತ್ರ ತಗ್ಗಿಸಿ. ಒಳಗಿನ ಕೋಣೆಯಲ್ಲಿ ಗುಬ್ಬಿ ಮಲಗಿದಾಳೆ, ಅವಳ ಕಿವಿ ಬಲು ಚುರುಕು. ಇದು ಅವಳದೇ ಕತೆ. ಅಲ್ಲ, ಕತೆ ಅಂತ ಯಾಕಂದೆ... ನಡೆದದ್ದು. ನಾನು ಹಗ್ಗ ಕಂಡು ಹಾವು ಅನ್ನೋಳಲ್ಲ, ನಿಮಗೇ ಗೊತ್ತು. ಕರೆಂಟ್ ಹೋದ್ರೆ ಈ ಮನೆಯ ಗಂಡಸರು ಕೂತಲ್ಲೇ ಕೂತಿರ್ತಾರೆ, ಫ್ಯೂಸ್ ನೋಡೋಕೆ ಹೋಗೋಳು ನಾನೇ.

ಗುಬ್ಬಿಯ ಅಮ್ಮ ನಮ್ಮ ದೊಡ್ಡಮ್ಮನ ಮಗಳು, ನನಗೆ ಅಕ್ಕ. ಮೂರು ವರ್ಷದ ಹಿಂದಿನ ಮಾತು. ಅವರು ಪರದೇಶಕ್ಕೆ ಹೋಗಿ ಎಂಟು ತಿಂಗಳಾಗಿತ್ತು. ಭಾವನದು ಲಿಫ್ಟ್ ರಿಪೇರಿ ಕೆಲಸ. ಅಕ್ಕನದು ಆಸ್ಪತ್ರೆಯ ಬಟ್ಟೆ ಒಗೆಯೋ ಕಡೆ. ಒದ್ದೆ ಬಟ್ಟೆ ಮುಟ್ಟಿ ನೋಡಿ, ಇದು ಇಷ್ಟು ಹೊತ್ತಿಗೆ ಒಣಗುತ್ತೆ ಅಂತ ಹೇಳಿಬಿಡ್ತಾಳೆ, ತಪ್ಪಿದ್ದೇ ಇಲ್ಲ. ಗುಬ್ಬಿಗೆ ಆಗ ಐದು ವರ್ಷ.

ಅಲ್ಲಿ ಅದು ಅವರ ಮೊದಲ ಕ್ರಿಸ್ಮಸ್. ನಮ್ಮ ಮನೆಯಲ್ಲಾದ್ರೆ ಗೊತ್ತಲ್ಲ, ಮೂವತ್ತು ಜನ, ಚಪ್ಪಲಿ ಬಿಡೋಕೆ ಜಾಗ ಇರಲ್ಲ. ಅಲ್ಲಿ ಮೂರು ಜನ, ನಾಲ್ಕು ಕುರ್ಚಿ. ನೆಂಟರಿಲ್ಲದ ಹಬ್ಬ ಉಪ್ಪಿಲ್ಲದ ಊಟ ಅಂತ ಅಕ್ಕ ಫೋನಿನಲ್ಲಿ ಅತ್ತಿದ್ದಳು. ಆದ್ರೂ ಲಿಫ್ಟಿನ ಸಾಮಾನು ಬಂದ ರಟ್ಟಿನ ಡಬ್ಬದಲ್ಲೇ ಗೋದಲಿ ಮಾಡಿದ್ದಳು. ಹುಲ್ಲು, ದನ, ಕುರುಬರು, ನಡುವೆ ಪುಟ್ಟ ತೊಟ್ಟಿಲು. ತೊಟ್ಟಿಲು ಮಾತ್ರ ಖಾಲಿ. ಬಾಲಯೇಸುವಿನ ಮಣ್ಣಿನ ಬೊಂಬೆ, ಅಂಗೈಯಷ್ಟು ದೊಡ್ಡದು, ಹನ್ನೆರಡು ಹೊಡೆಯೋವರೆಗೂ ಹೊರಗೇ ಇರಬೇಕು. ಹನ್ನೆರಡಕ್ಕೆ ಸರಿಯಾಗಿ ಮನೆಯ ಅತಿ ಚಿಕ್ಕವರು ಅದನ್ನ ಮಲಗಿಸಬೇಕು. ನಮ್ಮಜ್ಜಿ ಕಾಲದಿಂದ ಹಾಗೇ. ಗುಬ್ಬಿ ಒಂದು ವಾರದಿಂದ ಅಭ್ಯಾಸ ಮಾಡ್ತಿದ್ದಳಂತೆ, ತಲೆ ಕೆಳಗೆ ಕೈ ಕೊಟ್ಟು.

ಚರ್ಚಿನಿಂದ ಹೊರಗೆ ಬರುವಾಗ ಹನ್ನೊಂದು ಗಂಟೆ. ಅಷ್ಟರಲ್ಲಿ ಭಾವನಿಗೆ ಫೋನ್ ಬಂತು. ಎಲ್ಲೋ ಲಿಫ್ಟ್ ನಿಂತಿದೆ, ಒಳಗೆ ಜನ ಇದಾರೆ. "ಹನ್ನೆರಡರೊಳಗೆ ಬಂದ್ಬಿಡ್ತೀನಿ" ಅಂತ ಅವರು ಆ ಕಡೆ ಹೋದರು. ತಾಯಿ ಮಗಳು ಈ ಕಡೆ.

ಅವರ ಕಟ್ಟಡದ ಹಿಂದೆ ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ತಟ್ಟೆ ಹಾಕಿ, ಸುತ್ತ ವೆಲ್ಡ್ ಮಾಡಿದ್ರು. ಮಕ್ಕಳು ಹಗಲು ಅದರ ಮೇಲೆ ಕುಣಿಯೋರು. ಆವತ್ತು ದಾರಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಚಳಿ. ಗುಬ್ಬಿಯ ಶೂ ಕಲ್ಲಿನ ಮೇಲೆ ಟಕ್ ಟಕ್ ಅನ್ನೋದು ಬಿಟ್ರೆ ಏನೂ ಇಲ್ಲ. ಆಗ... ಠಣ್. ಉಗುರಲ್ಲಿ ಕಬ್ಬಿಣ ತಟ್ಟಿದ ಹಾಗೆ. ಒಂದೇ ಸಲ.

"ಇಷ್ಟು ಹೊತ್ತಲ್ಲಿ ಎಲ್ಲಿಂದಮ್ಮ?"

ಕನ್ನಡ. ಅಚ್ಚ ಕನ್ನಡ. ಬಾವಿಯ ಕಟ್ಟೆ ಮೇಲೆ ಒಬ್ಬ ಮುದುಕಿ, ತಲೆ ತುಂಬ ಸೆರಗು.

ನೀವಾಗಿದ್ರೆ ಏನ್ಮಾಡ್ತಿದ್ರಿ? ಓಡಿಹೋಗ್ತಿದ್ದೆ ಅಂತೀರಿ, ಗೊತ್ತು. ಎಂಟು ತಿಂಗಳು ಮನೆ, ಫೋನು ಬಿಟ್ಟು ಬೇರೆ ಕಡೆ ನಮ್ಮ ಮಾತು ಕೇಳಿಲ್ಲ ಅಕ್ಕ. ಕಣ್ಣಲ್ಲಿ ನೀರೇ ಬಂತಂತೆ. ನಾವೆಲ್ಲ ಬಾಯಿಪಾಠ ಮಾಡಿರೋ ಮಾತು ತಾನಾಗೇ ಬಾಯಿಗೆ ಬಂತು.

"ಚರ್ಚಿಗೆ ಹೋಗಿದ್ವಿ ಅಜ್ಜಿ. ಬನ್ನಿ, ಮನೆಗೆ ಬನ್ನಿ. ಹಬ್ಬದ ದಿನ, ಒಂದು ಲೋಟ ಕಾಫಿ ಕುಡ್ಕೊಂಡು ಹೋಗಿ."

"ನೀನು ಮುಂದೆ ಹೋಗಮ್ಮ. ಕರೆದ್ಯಲ್ಲ... ಬರ್ತೀನಿ."

ಯಾವ ಮನೆ, ಎಷ್ಟನೇ ಮಹಡಿ ಅಂತ ಮುದುಕಿ ಕೇಳಲಿಲ್ಲ. ಇವಳೂ ಹೇಳಲಿಲ್ಲ.

ಮನೆಗೆ ಬಂದು ಗುಬ್ಬಿ ಬೊಂಬೆ ಹಿಡ್ಕೊಂಡು ಗೋದಲಿ ಮುಂದೆ ಕೂತಳು. ಹನ್ನೆರಡಕ್ಕೆ ಇನ್ನು ಹತ್ತು ನಿಮಿಷ. ಹೊರಗೆ ಲಿಫ್ಟ್ ಗುಂಯ್ ಅಂತ ಮೇಲೆ ಬಂತು. ಬಾಗಿಲು ಸರ್ರ್ ಅಂತು. ಆಮೇಲೆ ಹೆಜ್ಜೆ. ಚಪ್... ಚಪ್... ಚಪ್. ಭಾವ ಅಂದ್ಕೊಂಡು ಅಕ್ಕ ಬಾಗಿಲು ತೆಗೆದಳು.

ಅದೇ ಮುದುಕಿ. ಬರಿಗಾಲು.

ಬಂದವರನ್ನ ಹೊಸ್ತಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳೋ ಪದ್ಧತಿ ನಮ್ಮಲ್ಲಿ ಇಲ್ವಲ್ಲ. ನಾಲ್ಕನೇ ಕುರ್ಚಿಯಲ್ಲಿ ಕೂರಿಸಿದಳು. ಅಂತೂ ಆ ಕುರ್ಚಿಗೆ ಒಬ್ಬರು ಬಂದ್ರಲ್ಲ ಅಂತ ಸಂತೋಷವೇ ಆಯ್ತಂತೆ. ಹಾಲು ಕಾಯಿಸೋಕೆ ಅಡುಗೆಮನೆಗೆ ಹೋದಳು. ಹಿಂದಿನಿಂದ ಮಾತು ಕೇಳಿಸ್ತಿತ್ತು.

"ಮಗು ಕೊಡು... ಎತ್ಕೋತೀನಿ."

"ಹನ್ನೆರಡು ಆಗ್ಬೇಕು ಅಜ್ಜಿ."

"ಆಗ್ಲಿ."

ಫೋನ್ ಬಂತು. ಭಾವ.

"ಕೆಳಗಿದೀನಿ. ಲಿಫ್ಟ್ ಬರ್ತಿಲ್ಲ, ನಮ್ಮ ಮಹಡಿಯಲ್ಲೇ ನಿಂತಿದೆ ಅಂತ ತೋರಿಸ್ತಿದೆ. ಯಾರಾದ್ರೂ ಬಂದಿದಾರಾ?"

"ಒಬ್ಬರು ಅಜ್ಜಿ. ನಮ್ಮ ಕಡೆಯವರು. ಬಾವಿ ಹತ್ರ ಸಿಕ್ಕಿದ್ರು."

ಭಾವ ಮೆಲ್ಲಗೆ ಕೇಳಿದರು.

"ಇಲ್ಲಿ ನಮ್ಮ ಕಡೆಯವರು ಯಾರಿದಾರೆ?... ಗುಬ್ಬಿ ಎಲ್ಲಿ?"

ಆಗ ಅಕ್ಕನ ಕಿವಿಗೆ ಬಿತ್ತು. ತೊಟ್... ತೊಟ್... ನಲ್ಲಿ ಅಲ್ಲ. ತಿರುಗಿ ನೋಡಿದಳು. ಕುರ್ಚಿಯ ಕೆಳಗೆ ನೀರು. ಸೀರೆಯಂಚಿನಿಂದ ತೊಟ್ಟಿಕ್ಕಿ ಗುಬ್ಬಿಯ ಕಾಲವರೆಗೂ ಹರಿದಿದೆ. ಹೊರಗೆ ಮಳೆ ಇಲ್ಲ, ಮಂಜಿಲ್ಲ. ಮನೆ ತುಂಬ ಪಾಚಿ ವಾಸನೆ. ಕಾಲು ಕಿತ್ತಿಡೋಕೆ ಆಗ್ತಿಲ್ಲ.

ಮುದುಕಿ ಎದ್ದು ನಿಂತಳು. ಎರಡೂ ಕೈ ಚಾಚಿ. ಮಾತು ಅಕ್ಕನಿಗೆ, ಕಣ್ಣು ಮಾತ್ರ ಗುಬ್ಬಿಯ ಮೇಲೆ.

"ಕರೆದವಳು ನೀನೇ. ಹಬ್ಬದ ದಿನ ಬರಿಗೈಲಿ ಕಳಿಸ್ತೀಯಾ? ಮಗು ಕೊಡು."

ಚರ್ಚಿನ ಗಂಟೆ ಶುರುವಾಯ್ತು. ಢಣ್... ಢಣ್... ಗುಬ್ಬಿ ಬಾಯಲ್ಲೇ ಎಣಿಸಿದಳು, ಹನ್ನೆರಡೂ. ಎಣಿಸಿ ಎದ್ದಳು. ತೊಟ್ಟಿಲ ಕಡೆ ಹೋಗಲಿಲ್ಲ. ಮುದುಕಿಯ ಹತ್ರ ಹೋಗಿ, ಆ ಒದ್ದೆ ಕೈಯಲ್ಲಿ ಮಣ್ಣಿನ ಬೊಂಬೆ ಮಲಗಿಸಿದಳು.

"ತಗೋ ಅಜ್ಜಿ. ತಲೆ ಹಿಡ್ಕೋ, ಹುಷಾರು."

ಮುದುಕಿ ತುಂಬ ಹೊತ್ತು ನೋಡಿದಳಂತೆ. ಬೊಂಬೆ... ಆಮೇಲೆ ಗುಬ್ಬಿ... ಮತ್ತೆ ಬೊಂಬೆ. ಸೆರಗು ಪರ್ರ್ ಅಂತ ಹರಿದು ಅದಕ್ಕೆ ಸುತ್ತಿದಳು. ಎದೆಗೆ ಅವುಚಿಕೊಂಡು ಹೊರಗೆ ಹೋದಳು. ಚಪ್... ಚಪ್... ಲಿಫ್ಟ್ ಗುಂಯ್ ಅಂತ ಇಳೀತು.

ಭಾವ ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಬಂದಾಗ ಅಕ್ಕ ಗುಬ್ಬಿಯನ್ನ ಅಪ್ಪಿಕೊಂಡು ಆ ನೀರಿನಲ್ಲೇ ಕೂತಿದ್ದಳು. ಹಾಲು ಉಕ್ಕಿ ಒಲೆ ಆರಿತ್ತು.

ಮಾರನೇ ದಿನ ಭಾವ ಲಿಫ್ಟಿನ ಪೆಟ್ಟಿಗೆ ಬಿಚ್ಚಿ ನೋಡಿದರು. ಎಷ್ಟು ಹೊತ್ತಿಗೆ, ಯಾವ ಮಹಡಿಗೆ, ಎಷ್ಟು ಭಾರ ಅಂತ ಅದು ಎಲ್ಲ ಬರ್ಕೊಳ್ಳುತ್ತಂತೆ. ಹನ್ನೊಂದು ಐವತ್ತು, ಕೆಳಗಿನಿಂದ ನಾಲ್ಕನೇ ಮಹಡಿ, ಭಾರ ಸೊನ್ನೆ. ಹನ್ನೆರಡು ಮೂರು, ನಾಲ್ಕರಿಂದ ಕೆಳಗೆ, ಭಾರ ಸೊನ್ನೆ. ಬಾವಿಯ ವೆಲ್ಡಿಂಗನ್ನೂ ಸುತ್ತ ಕೈಯಾಡಿಸಿ ನೋಡಿದರು. ಒಂದು ಕೂದಲೆಳೆ ಬಿರುಕಿರಲಿಲ್ಲ.

ಒಂದೇ ತಿಂಗಳಲ್ಲಿ ಮನೆ ಬದಲಾಯಿಸಿದರು. ಉಳಿದ ಬೊಂಬೆಗಳನ್ನ ಡಬ್ಬಕ್ಕೆ ಹಾಕಿ, ವೈರಿಗೆ ಸುತ್ತೋ ಕರಿ ಟೇಪನ್ನ ಭಾವ ಅದಕ್ಕೆ ಮೂರು ಸುತ್ತು ಸುತ್ತಿದರು. ಎರಡು ಕ್ರಿಸ್ಮಸ್ ಅದನ್ನ ತೆಗೆಯಲೇ ಇಲ್ಲ. ಈ ವರ್ಷ ಇಲ್ಲಿಗೆ ಬರ್ತಿದೀವಲ್ಲ, ನಮ್ಮವರ ನಡುವೆ ಏನು ಭಯ ಅಂತ ಹೊತ್ತುಕೊಂಡು ಬಂದಿದಾರೆ.

ಇವತ್ತು ನಾಲ್ಕು ಗಂಟೆಗೆ ನಾನೂ ಅಕ್ಕನೂ ಡಬ್ಬ ತೆಗೆದ್ವಿ. ಟೇಪ್ ಹಾಗೇ ಇತ್ತು, ಕತ್ತರಿಯಲ್ಲಿ ಕತ್ತರಿಸಿದ್ದು ನಾನೇ. ದನ, ಕುರುಬರು, ಎಲ್ಲ ಒಣಗೇ ಇದ್ವು. ಮೇಲ್ಗಡೆ ಒಂದು ಒದ್ದೆ ಬಟ್ಟೆಯ ಗಂಟು. ಬಿಚ್ಚಿದ್ರೆ... ಬಾಲಯೇಸು.

ಅಕ್ಕ ಕೂಗಲಿಲ್ಲ. ಮೆಲ್ಲಗೆ ಅಂದಳು, "ವಾಪಸ್ ಕೊಟ್ಟಿದಾಳೆ. ಇದಲ್ಲ ಅಂತ ಗೊತ್ತಾಗಿದೆ." ಆಮೇಲೆ, "ಗುಬ್ಬಿ ಎಲ್ಲಿ?"

ಅದಕ್ಕೇ ಅವಳು ಸಂಜೆಯಿಂದ ಗುಬ್ಬಿಯ ಪಕ್ಕ ಬಿಟ್ಟು ಎದ್ದಿಲ್ಲ. ಭಾವ ಬಾಗಿಲಿಗೆ ಕುರ್ಚಿ ಹಾಕ್ಕೊಂಡು ಕೂತಿರೋದೂ ಅದಕ್ಕೇ, ಸೆಕೆ ಅಂತ ಅಲ್ಲ. ಇವತ್ತು ಯಾರನ್ನೂ ಬಾಯಿಮಾತಿಗೂ ಬನ್ನಿ ಅನ್ನಬೇಡಿ. ನಗೋರು ನಗಿ. ಸುಳ್ಳು ಹೇಳಿ ನನಗೆ ಆಗಬೇಕಾದ್ದೇನು? ಬೊಂಬೆಗೆ ಸುತ್ತಿದ್ದ ಆ ಸೆರಗಿನ ಚೂರನ್ನ ನಾಲ್ಕು ಗಂಟೆಗೇ ಈ ಕೈಯಲ್ಲೇ ಹಿಂಡಿ ಹಿತ್ತಲ ಹಗ್ಗದ ಮೇಲೆ ಹಾಕಿದೀನಿ. ಅಕ್ಕ ಮುಟ್ಟಿ ನೋಡಿ, ಈ ಗಾಳಿಗೆ ಅರ್ಧ ಗಂಟೆ ಸಾಕು ಅಂದಿದ್ದಳು.

ಈಗ ಹನ್ನೊಂದೂವರೆ. ಹೋಗಿ ನೋಡಿ. ಇನ್ನೂ ತೊಟ್ಟಿಕ್ಕುತ್ತಿದೆ.