ಈಗ ಎಲ್ಲರಿಗೂ ಸಾಲುತ್ತೆ

ತರಕಾರಿ ಅಂಗಡಿಯ ಸಾಲಿನಲ್ಲಿ ಬಟ್ಟೆ ಹೊಲಿಯುವಾಕೆಯ ಮುಂದೆ ಯಾರೋ ಅತ್ತಿಗೆ, ನಾದಿನಿ ನಿಂತಿದ್ದರು. ಕೇಳಬಾರದೆಂದುಕೊಂಡರೂ ಅವರ ಮಾತು ಅವಳ ಕಿವಿಗೆ ಬೀಳುತ್ತಲೇ ಇತ್ತು.

“ಅಣ್ಣ ತೀರಿಹೋದ್ಮೇಲೆ ಅಡುಗೆಗೆ ಹೇಗೆ ಹೊಂದಿಸ್ತಿದೀರ ಅತ್ತಿಗೆ?”

“ಅವರಿದ್ದಾಗ ಹಾಕ್ತಿದ್ದಷ್ಟೇ ಬೇಳೆ ಈಗಲೂ ಹಾಕ್ತೀನಿ. ಕೈಗೆ ಬೇರೆ ಅಳತೆ ಬರಲ್ಲ.”

“ಸ್ವಲ್ಪ ಕೈ ಹಿಡಿದು ಹಾಕಿದ್ರೆ ಉಳಿತಾಯ ಆಗುತ್ತಲ್ಲ?”

“ಆಗುತ್ತೆ. ಆದ್ರೆ ಅವರಿಲ್ಲ ಅಂತ ನಾನೇ ಒಪ್ಕೊಂಡ ಹಾಗಾಗುತ್ತೆ ಕಣೆ.”

ನಾದಿನಿ ಮೂಗೊರೆಸಿಕೊಂಡಳು.

“ಮಕ್ಕಳು ಸರಿಯಾಗಿ ಉಣ್ತಾವಾ?”

“ನಿನ್ನೆ ಚಿಕ್ಕವಳು ಎರಡನೇ ಸಲ ಬಡಿಸ್ಕೊಂಡ್ಳು. ‘ಅಮ್ಮ, ಈಗ ಎಲ್ಲರಿಗೂ ಸಾಲುತ್ತೆ ಅಲ್ವಾ?’ ಅಂತ ಖುಷಿಯಾಗಿ ಕೇಳಿದ್ಳು. ದೊಡ್ಡವಳು ಎದ್ದು ಅವಳ ಕೆನ್ನೆಗೆ ಬಾರಿಸಿಬಿಟ್ಳು.”

“ಅಯ್ಯೋ! ನೀವೇನಂದ್ರಿ?”

“ಯಾರನ್ನ ಬೈಲಿ? ಚಿಕ್ಕದು ಸುಳ್ಳೇನೂ ಹೇಳ್ಲಿಲ್ಲ. ಇಬ್ಬರನ್ನೂ ತೊಡೆ ಮೇಲೆ ಕೂರಿಸ್ಕೊಂಡು ನಾನೇ ತುತ್ತಿಟ್ಟೆ.”

“ನೀವು ಉಂಡ್ರಾ?”

“ಉಳಿದಿತ್ತು. ಹಾಗೇ ಮುಚ್ಚಿಟ್ಟೆ.”

ಅವರ ಸರದಿ ಬಂತು. ಅತ್ತಿಗೆ ಬಾಡಿದ ಸೊಪ್ಪನ್ನೇ ಆರಿಸಿ ತೆಗೆದುಕೊಂಡಳು. ನಾದಿನಿ ಚೀಲವನ್ನು ಅವಳ ಕೈಯಿಂದ ಕಿತ್ತುಕೊಂಡು, “ಇವತ್ತು ನಾನೂ ನಿಮ್ಮನೇಲೇ ಉಣ್ತೀನಿ, ನಡೀರಿ,” ಎಂದಳು.

ಅವರು ಬೀದಿಯ ತಿರುವು ದಾಟುವವರೆಗೂ ಹೊಲಿಯುವಾಕೆ ನೋಡುತ್ತಲೇ ನಿಂತಳು. ಹಿಂದಿದ್ದವರು “ಮುಂದೆ ಹೋಗಮ್ಮ,” ಎಂದು ಎರಡು ಸಲ ಹೇಳಬೇಕಾಯಿತು.